ಮಗನನ್ನು ಅಫೆನ್ಸಿವ್ ಲೈನ್‌ಗೆ ಹಾಕಿದ್ದಾರೆ, ಇದು ಕೆರಿಯರ್ ಆಗುತ್ತಾ?

ಪ್ರಶ್ನೆ: ನಾವು ಟೆಕ್ಸಾಸ್‌ನ ಫ್ರಿಸ್ಕೋದಲ್ಲಿದ್ದೇವೆ, ಊರು ದಾವಣಗೆರೆ. ಮಗನಿಗೆ 15 ವರ್ಷ. 6 ಅಡಿ 1 ಇಂಚು ಎತ್ತರ, 104 ಕಿಲೋ ತೂಕ. ಸ್ಕೂಲಿನ ಫುಟ್‌ಬಾಲ್ ಕೋಚ್ ಅವನನ್ನು ಅಫೆನ್ಸಿವ್ ಲೈನ್‌ಗೆ ಹಾಕಿದ್ದಾರೆ. ಇನ್ನೂ 15 ಕಿಲೋ ಜಾಸ್ತಿ ಆಗು ಅಂದಿದ್ದಾರಂತೆ. ಅವನು ಆಗಲೇ ಎನ್‌ಎಫ್‌ಎಲ್ (ಇಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್) ಕನಸು ಕಾಣುತ್ತಿದ್ದಾನೆ. ನಾನು ಒಂದೆರಡು ಮ್ಯಾಚ್ ನೋಡಿದೆ, ಅವನ ಕೈಗೆ ಚೆಂಡೇ ಬರಲಿಲ್ಲ. ಸುಮ್ನೆ ಒಬ್ಬರನ್ನೊಬ್ಬರು ನೂಕುತ್ತಾರೆ ಅಷ್ಟೇ. ಇದು ನಿಜವಾಗಲೂ ಕೆರಿಯರ್ ಆಗುತ್ತಾ? ತಲೆಗೆ ಪೆಟ್ಟಾಗುತ್ತೆ ಅಂತ ನಮ್ಮ ಮನೆಯವರು ಬೇಡವೇ ಬೇಡ ಅಂತಿದ್ದಾರೆ.

ಉತ್ತರ:

ನಮಸ್ಕಾರ. ಕಾಯಿಸದೆ ಹೇಳಿಬಿಡುತ್ತೇನೆ. ಆಡಲಿ. ಆದರೆ ಆ 15 ಕಿಲೋ ಬೇಡ. ಇಡೀ ಅಮೆರಿಕನ್ ಫುಟ್‌ಬಾಲ್‌ನಲ್ಲಿ ತಡವಾಗಿ ಕಲಿತೂ ಮೇಲೆ ಬರಬಹುದಾದ ಜಾಗ ಯಾವುದಾದರೂ ಇದ್ದರೆ ಅದು ಇದೇ. 15ನೇ ವಯಸ್ಸಿಗೆ ಇಲ್ಲಿ ಅವಸರ ಮಾಡಿ ಗೆದ್ದುಕೊಳ್ಳುವುದು ಏನೂ ಇಲ್ಲ. ಕಳೆದುಕೊಳ್ಳುವುದು ಮಾತ್ರ ಬೇಕಾದಷ್ಟಿದೆ. ನಾನು ಫಿಸಿಯೋಥೆರಪಿಸ್ಟ್, ಈ ಆಟ ಆಡುವ ಹುಡುಗರ ಮೊಣಕಾಲು, ಭುಜ, ಬೆರಳುಗಳನ್ನು ನೋಡುವುದೇ ನನ್ನ ಕೆಲಸ. ಆ ಕಡೆಯಿಂದಲೇ ಉತ್ತರ ಹೇಳುತ್ತೇನೆ.

ಕೈಗೆ ಚೆಂಡು ಬರಲಿಲ್ಲ ಅಂದಿರಲ್ಲ, ಅದು ನಿಯಮ. ಅಫೆನ್ಸಿವ್ ಲೈನ್ ಅಂದರೆ ಐದು ಜನ. ನಡುವೆ ಸೆಂಟರ್, ಅವನ ಅಕ್ಕಪಕ್ಕ ಇಬ್ಬರು ಗಾರ್ಡ್, ಎರಡು ತುದಿಗೆ ಇಬ್ಬರು ಟ್ಯಾಕಲ್. 50ರಿಂದ 79ರವರೆಗಿನ ನಂಬರ್ ಹಾಕಿಕೊಂಡ ಇವರು ಮಾಮೂಲಾಗಿ ಪಾಸ್ ಹಿಡಿಯುವಂತಿಲ್ಲ. ಚೆಂಡು ಮುಟ್ಟುವವನು ಸೆಂಟರ್ ಒಬ್ಬನೇ, ಅದೂ ಕಾಲಿನ ಸಂದಿಯಿಂದ, ಆಟ ನಡೆಸಿ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಕೊಡುವಷ್ಟು ಹೊತ್ತು. ಚೆಂಡು ಹಿಡಿದವನ ಮೇಲೆ ಎದುರಾಳಿ ಬೀಳದಂತೆ ತಡೆಯುವುದು, ಓಡುವವನಿಗೆ ಸಂದು ಬಿಡಿಸಿಕೊಡುವುದು, ಇವೆರಡೇ ಈ ಐವರ ಕೆಲಸ.

ಅದು ನೂಕಾಟ ಅಲ್ಲ. ಮುಂದಿನ ಮ್ಯಾಚಿನಲ್ಲಿ ಚೆಂಡನ್ನು ಬಿಟ್ಟು ಎಡ ತುದಿಯ ಟ್ಯಾಕಲ್‌ನ ಪಾದ ನೋಡಿ. ಚೆಂಡು ಹಿಂದಕ್ಕೆ ಬಂದ ಕ್ಷಣ ಅವನು ಹೊರಗಿನ ಕಾಲನ್ನು ಹಿಂದಕ್ಕೆ ಜಾರಿಸುತ್ತಾನೆ, ಒಳಗಿನ ಕಾಲು ಅದರ ಹಿಂದೆಯೇ ಬರುತ್ತದೆ. ಎರಡೂ ಪಾದ ಒಂದಕ್ಕೊಂದು ತಾಗಬಾರದು, ಅಡ್ಡಡ್ಡ ದಾಟಬಾರದು. ಸೊಂಟ ಕೆಳಗೆ, ಬೆನ್ನು ನೇರ. ಎದುರಿನವನು ಮುಂದಕ್ಕೆ ಓಡಿಬರುತ್ತಿದ್ದಾನೆ, ಇವನು ಹಿಂದಕ್ಕೆ ಹೋಗುತ್ತಾ ಅವನ ದಾರಿಗೆ ಅಡ್ಡ ನಿಲ್ಲಬೇಕು. ಇವನ ಕೈಯಲ್ಲಿರುವ ಅನುಕೂಲ ಒಂದೇ: ಚೆಂಡು ಯಾವ ಕೂಗಿಗೆ ಬರುತ್ತದೆ ಎಂದು ಇವನಿಗೆ ಗೊತ್ತು, ಎದುರಿನವನಿಗೆ ಗೊತ್ತಿಲ್ಲ. ಆ ಅನುಕೂಲದ ಆಸೆಗೆ ಬಿದ್ದು ಒಂದು ಚೂರು ಮೊದಲೇ ಅಲುಗಾಡಿದರೆ 5 ಯಾರ್ಡ್ ದಂಡ.

ಆಮೇಲೆ ಕೈ. ಎರಡು ಅಂಗೈಯೂ ಎದುರಾಳಿಯ ಎದೆಯ ಮೇಲೇ ಬೀಳಬೇಕು. ಕಬಡ್ಡಿಯಲ್ಲಿ ಹಿಡಿದವನೇ ಗೆದ್ದ, ಇಲ್ಲಿ ಹಿಡಿದವನು ಸಿಕ್ಕಿಬಿದ್ದ. ಕೈ ಭುಜದಾಚೆ ಹೋಗಿ ಅಂಗಿ ಜಗ್ಗಿದರೆ ರೆಫರಿ ಹಳದಿ ಬಟ್ಟೆ ಎಸೆಯುತ್ತಾನೆ, 10 ಯಾರ್ಡ್ ಹಿಂದಕ್ಕೆ. ಇದೆಲ್ಲ ನಡೆಯುವುದು ಎರಡೂವರೆ, ಮೂರು ಸೆಕೆಂಡಿನಲ್ಲಿ. ಒಂದು ಮ್ಯಾಚಿನಲ್ಲಿ ಇಂಥದ್ದು 60-70 ಸಲ. ಇದರಲ್ಲಿ ಒಂದು ಸಲ ಎಡವಿದರೆ ಕ್ವಾರ್ಟರ್‌ಬ್ಯಾಕ್ ಬೆನ್ನ ಮೇಲೆ 120 ಕಿಲೋ ಬೀಳುತ್ತದೆ. ಟಿವಿಯವರು ಇವನ ಹೆಸರು ಹೇಳುವುದು ಆಗಲೇ.

ಇನ್ನು ತಡವಾಗಿ ಬಂದವರ ವಿಷಯ. ಫಿಲಡೆಲ್ಫಿಯಾ ಈಗಲ್ಸ್ ತಂಡದ ಜೋರ್ಡನ್ ಮೈಲಾಟಾ ಸಿಡ್ನಿಯವನು, ಸಮೋವಾ ಮೂಲದ ಮನೆತನ. 6 ಅಡಿ 8 ಇಂಚು. ಅಲ್ಲಿ ರಗ್ಬಿ ಲೀಗ್ ಆಡುತ್ತಿದ್ದ. ಅಮೆರಿಕನ್ ಫುಟ್‌ಬಾಲ್‌ನ ಒಂದೇ ಒಂದು ಮ್ಯಾಚ್ ಆಡಿರಲಿಲ್ಲ. ಹೊರದೇಶದ ಆಟಗಾರರಿಗಾಗಿ ಇರುವ ತರಬೇತಿಗೆ ಫ್ಲೋರಿಡಾಕ್ಕೆ ಬಂದು ಕೆಲವು ತಿಂಗಳು ಕಲಿತ. ಎನ್‌ಎಫ್‌ಎಲ್ ತಂಡಗಳು ಸುತ್ತು ಸುತ್ತಾಗಿ, ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಎನ್ನುತ್ತಾರೆ. 2018ರ ಡ್ರಾಫ್ಟ್‌ನಲ್ಲಿ ಒಟ್ಟು 256 ಆಟಗಾರರನ್ನು ಆರಿಸಿದರು. ಇವನದು 233ನೆಯ ಹೆಸರು, ಆಗ ವಯಸ್ಸು 21. ಮೊದಲ ಎರಡು ಸೀಸನ್ ಮೈದಾನಕ್ಕೇ ಇಳಿಯಲಿಲ್ಲ, ಬೆನ್ನುನೋವು ಬೇರೆ. ಲೈನ್ ಕೋಚ್ ಜೆಫ್ ಸ್ಟೌಟ್‌ಲ್ಯಾಂಡ್ ಅವನಿಗೆ ಹೇಗೆ ನಿಲ್ಲಬೇಕು ಎನ್ನುವುದರಿಂದ ಶುರುಮಾಡಿ ಕಲಿಸಿದರು. 2020ರಲ್ಲಿ ಆಡಲು ಸಿಕ್ಕಿತು. ಮರುವರ್ಷ, ಅದೇ ಜಾಗಕ್ಕೆಂದು ತಂಡ ಮೊದಲ ಸುತ್ತಿನಲ್ಲಿ ತಂದಿದ್ದ ಆಟಗಾರನನ್ನು ಹಿಂದೆ ಹಾಕಿ ಎಡ ಟ್ಯಾಕಲ್ ಜಾಗವನ್ನು ತನ್ನದು ಮಾಡಿಕೊಂಡ. ಆಗಲೇ 4 ವರ್ಷಕ್ಕೆ 6.4 ಕೋಟಿ ಡಾಲರ್ ಒಪ್ಪಂದ ಆಯಿತು. 2025ರ ಫೆಬ್ರವರಿಯಲ್ಲಿ ಕ್ಯಾನ್ಸಸ್ ಸಿಟಿಯನ್ನು 40-22ರಿಂದ ಸೋಲಿಸಿ ಸೂಪರ್ ಬೌಲ್ (ಎನ್‌ಎಫ್‌ಎಲ್ ಫೈನಲ್) ಗೆದ್ದ ತಂಡದಲ್ಲಿ ಅವನಿದ್ದ.

ಅದೇ ತಂಡದ ಬಲ ತುದಿಯಲ್ಲಿರುವ ಲೇನ್ ಜಾನ್ಸನ್ ನಿಮ್ಮ ಟೆಕ್ಸಾಸಿನವನೇ, ಗ್ರೋವ್‌ಟನ್ ಎಂಬ ಸಣ್ಣ ಊರು. ಹೈಸ್ಕೂಲಿನಲ್ಲಿ ಅವನು ಲೈನ್‌ನಲ್ಲಿ ಇರಲೇ ಇಲ್ಲ, ಕ್ವಾರ್ಟರ್‌ಬ್ಯಾಕ್ ಆಗಿದ್ದ! ಕಾಲೇಜಿನಲ್ಲಿ ಎರಡು ಮೂರು ಜಾಗ ಬದಲಾಯಿಸಿ ಕೊನೆಗೆ ಟ್ಯಾಕಲ್ ಆದ. 2013ರ ಡ್ರಾಫ್ಟ್‌ನಲ್ಲಿ ನಾಲ್ಕನೆಯವನಾಗಿ ಆಯ್ಕೆಯಾದ. ಇವರಿಬ್ಬರ ನಡುವೆ ವರ್ಷಗಟ್ಟಲೆ ಸೆಂಟರ್ ಆಗಿದ್ದ ಜೇಸನ್ ಕೆಲ್ಸಿ, ಸ್ಕಾಲರ್‌ಶಿಪ್ ಇಲ್ಲದೆ ಸಿನ್ಸಿನಾಟಿ ಯೂನಿವರ್ಸಿಟಿಗೆ ಬಂದಿದ್ದ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವವನು. ಲೈನ್‌ಗೆ ಹಾಕಿದ್ದು ಆಮೇಲೆ. 2011ರಲ್ಲಿ ಆರನೇ ಸುತ್ತಿನಲ್ಲಿ, 191ನೆಯವನಾಗಿ ಬಂದವನು 13 ಸೀಸನ್ ಆಡಿದ. ಎತ್ತರ 6 ಅಡಿ 3 ಇಂಚು ಅಷ್ಟೇ, ಲೈನ್‌ನವರ ಲೆಕ್ಕದಲ್ಲಿ ಗಿಡ್ಡ. ನಿಮ್ಮ ಮಗನೂ ಅಷ್ಟರಲ್ಲೇ ನಿಂತರೆ ಟ್ಯಾಕಲ್ ಆಗುವುದು ಕಷ್ಟ. ಸೆಂಟರ್ ಅಥವಾ ಗಾರ್ಡ್ ಜಾಗ ಹೊಂದುತ್ತದೆ.

ಜಾನ್ಸನ್, ಕೆಲ್ಸಿ ಇಬ್ಬರೂ 15ನೇ ವಯಸ್ಸಿನಲ್ಲಿ ಮೈ ಊದಿಸಿಕೊಂಡು ಮೇಲೆ ಬಂದವರಲ್ಲ. ಓಡುವ ಕಾಲು, ಬಾಗುವ ಸೊಂಟ ಮೊದಲಿನಿಂದ ಇತ್ತು, ತೂಕ ಆಮೇಲೆ ಬಂತು. ಕಾಲೇಜು ತಂಡಗಳು ಲೈನ್‌ಗೆ ತೆಗೆದುಕೊಂಡ ಹುಡುಗನನ್ನು ಎಷ್ಟೋ ಸಲ ಮೊದಲ ವರ್ಷ ಆಡಿಸುವುದೇ ಇಲ್ಲ. ಆ ವರ್ಷ ತಿನ್ನಿಸಿ, ಎತ್ತಿಸಿ, ಮೈ ಕಟ್ಟುತ್ತವೆ. ಅದಕ್ಕೆ ಅಲ್ಲಿ ಡಯಟಿಷಿಯನ್, ಡಾಕ್ಟರ್, ಟ್ರೈನರ್ ಎಲ್ಲರೂ ಇರುತ್ತಾರೆ. ನಿಮ್ಮ ಅಡುಗೆಮನೆಯಲ್ಲಿ ಈಗಲೇ ಆ ಕೆಲಸ ಮಾಡುವ ಅಗತ್ಯವಿಲ್ಲ.

ಇನ್ನೂ ಒಂದು ಮಾತು ನಮ್ಮವರಿಗಾಗಿಯೇ ಹೇಳಬೇಕು. ಭಾರತೀಯ ಮೂಲದವರಿಗೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಬೇರೆಯವರಿಗಿಂತ ಕಮ್ಮಿ ತೂಕದಲ್ಲೇ, ಕಮ್ಮಿ ವಯಸ್ಸಿನಲ್ಲೇ ಬರುತ್ತದೆ. ಮೈಲಾಟಾನ ಮೈ ತಡೆದುಕೊಳ್ಳುವ 165 ಕಿಲೋವನ್ನು ನಮ್ಮ ಮಕ್ಕಳ ಮೈ ತಡೆದುಕೊಳ್ಳುತ್ತದೆ ಎಂದುಕೊಳ್ಳಬೇಡಿ. ಮನೆಯಲ್ಲಿ ಅಜ್ಜ, ಅಜ್ಜಿ, ಅಪ್ಪ ಯಾರಿಗಾದರೂ ಶುಗರ್ ಇದ್ದರೆ ಈ ವರ್ಷವೇ ಮಗನ ರಕ್ತ ಪರೀಕ್ಷೆ ಮಾಡಿಸಿ, ಬಿಪಿ ನೋಡಿಸಿ. ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಾನಾ, ಬೆಳಿಗ್ಗೆ ಎದ್ದಾಗಲೂ ಸುಸ್ತಾಗಿರುತ್ತಾನಾ ಗಮನಿಸಿ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ದಪ್ಪ ಕುತ್ತಿಗೆಯ ಲೈನ್‌ಮನ್‌ಗಳಲ್ಲಿ ಜಾಸ್ತಿ.

ಕೆರಿಯರ್ ಆಗುತ್ತಾ ಎಂದು ಕೇಳಿದಿರಿ. ಲೆಕ್ಕ ಹೀಗಿದೆ. ಅಮೆರಿಕದಲ್ಲಿ ಹೈಸ್ಕೂಲ್ ಫುಟ್‌ಬಾಲ್ ಆಡುವ ಹುಡುಗರು ಸುಮಾರು 10 ಲಕ್ಷ. ಅದರಲ್ಲಿ ಕಾಲೇಜು ತಂಡಕ್ಕೆ ಹೋಗುವವರು ನೂರಕ್ಕೆ ಏಳು ಮಂದಿಯ ಆಸುಪಾಸು. ಕಾಲೇಜು ಮುಗಿಸಿ ಡ್ರಾಫ್ಟ್‌ಗೆ ಅರ್ಹರಾದವರಲ್ಲಿ ಎನ್‌ಎಫ್‌ಎಲ್ ತಲುಪುವವರು ನೂರಕ್ಕೆ ಇಬ್ಬರಿಗಿಂತ ಕಮ್ಮಿ. ಹೈಸ್ಕೂಲ್ ಮುಗಿದು ಮೂರು ವರ್ಷ ಆಗದೆ ಡ್ರಾಫ್ಟ್‌ಗೆ ಹೋಗುವಂತೆಯೇ ಇಲ್ಲ. ತಂಡಗಳು 32, ಒಂದೊಂದರಲ್ಲಿ 53 ಜನ. ಆ 53ರಲ್ಲಿ ಲೈನ್‌ನವರು ಎಂಟೋ ಒಂಬತ್ತೋ ಇರುತ್ತಾರೆ. ಮಗನಿಗೆ ಇದನ್ನು ಹೆದರಿಸುವ ಧಾಟಿಯಲ್ಲಿ ಹೇಳಬೇಡಿ, ಆದರೆ ಹೇಳಿ. ಈ ವಯಸ್ಸಿನ ಮಕ್ಕಳಿಗೆ ಲೆಕ್ಕ ಅರ್ಥವಾಗುತ್ತದೆ.

ದುಡ್ಡು ಇದೆ, ಅದೂ ಸುಳ್ಳಲ್ಲ. 2025ರಲ್ಲಿ ಹೊಸಬನ ಕನಿಷ್ಠ ಸಂಬಳ ವರ್ಷಕ್ಕೆ 8.4 ಲಕ್ಷ ಡಾಲರ್. ಅತಿ ಮೇಲಿನ ಟ್ಯಾಕಲ್‌ಗಳು ವರ್ಷಕ್ಕೆ 2.8 ಕೋಟಿ ಡಾಲರ್ ದಾಟಿದ್ದಾರೆ. ಆದರೆ ಪೇಪರಿನಲ್ಲಿ ಬರುವ ದೊಡ್ಡ ಮೊತ್ತ ಪೂರ್ತಿ ಕೈಗೆ ಬರುತ್ತದೆ ಎಂದಲ್ಲ. ಗ್ಯಾರಂಟಿ ಎಂದು ಬರೆದಷ್ಟೇ ಗಟ್ಟಿ, ಉಳಿದದ್ದು ತಂಡ ಇಟ್ಟುಕೊಂಡರೆ ಮಾತ್ರ. ಮಂಡಿ ಕೆಟ್ಟರೆ, ಫಾರ್ಮ್ ಹೋದರೆ ಬಿಟ್ಟುಬಿಡುತ್ತಾರೆ. ಆಟಗಾರರ ಸಂಘ ಹೇಳುವ ಸರಾಸರಿ ಕೆರಿಯರ್ ಮೂರು ವರ್ಷಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಪಿಂಚಣಿಗೆ ಬೇಕಾದದ್ದೂ ಮೂರು ಸೀಸನ್. ಅದಕ್ಕೇ ಎಷ್ಟೋ ಹುಡುಗರು ಆ ಮೂರನೇ ಸೀಸನ್‌ಗಾಗಿ ನೋವು ನುಂಗಿಕೊಂಡು ಆಡುತ್ತಾರೆ.

ಜೆಫ್ ಸ್ಯಾಟರ್ಡೇ ಎಂಬ ಸೆಂಟರ್‌ನನ್ನು 1998ರ ಡ್ರಾಫ್ಟ್‌ನಲ್ಲಿ ಯಾರೂ ಆರಿಸಲಿಲ್ಲ. ಆಮೇಲೆ ಸೇರಿಸಿಕೊಂಡ ತಂಡವೂ ಬಿಟ್ಟಿತು. ನಾರ್ತ್ ಕ್ಯಾರೊಲಿನಾದಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮರುವರ್ಷ ಇಂಡಿಯಾನಾಪೊಲಿಸ್ ಕರೆಯಿತು. ಅಲ್ಲಿ ಹತ್ತು ವರ್ಷಕ್ಕೂ ಮೇಲೆ ಹೆಸರಾಂತ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್‌ಗೆ ಚೆಂಡು ಕೊಟ್ಟ, ಸೂಪರ್ ಬೌಲ್ ಗೆದ್ದ. ಇಂಥ ಕತೆ ಕೇಳಲು ಚೆನ್ನ. ಆದರೆ ಬಾಗಿಲ ತನಕ ಬಂದು ಹಿಂದೆ ಹೋದವರೇ ಜಾಸ್ತಿ, ಅಲ್ವಾ? ಅವರ ಹೆಸರು ನಮಗೆ ಗೊತ್ತೇ ಆಗುವುದಿಲ್ಲ.

ಎಲ್ಲವೂ ಸರಿಹೋದರೆ ಈ ಬದುಕು ಹೇಗಿರುತ್ತದೆ? ಅದಕ್ಕೆ ನಾನು ಯಾವಾಗಲೂ ಹೇಳುವುದು ಜೋ ಥಾಮಸ್ ಹೆಸರು. ವಿಸ್ಕಾನ್ಸಿನ್ ಹುಡುಗ. 2007ರ ಡ್ರಾಫ್ಟ್‌ಗೆ ನ್ಯೂಯಾರ್ಕಿಗೆ ಬಾ ಎಂದರೆ ಹೋಗಲಿಲ್ಲ, ಅಪ್ಪನ ಜೊತೆ ಮಿಷಿಗನ್ ಸರೋವರದಲ್ಲಿ ಮೀನು ಹಿಡಿಯುತ್ತಿದ್ದ. ಮೂರನೆಯವನಾಗಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಆರಿಸಿಕೊಂಡಿತು. ಮೊದಲ ಮ್ಯಾಚಿನ ಮೊದಲ ಚೆಂಡಿನಿಂದ 2017ರ ಅಕ್ಟೋಬರ್‌ವರೆಗೆ, ಒಂದೂ ಬಿಡದೆ 10,363 ಸ್ನ್ಯಾಪ್ ಆಡಿದ. ಸ್ನ್ಯಾಪ್ ಅಂದರೆ ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುವಾಗುವ ಒಂದೊಂದು ಸಲ. ಜ್ವರ, ಉಳುಕು, ಮಂಡಿ ನೋವು ಯಾವುದಕ್ಕೂ ಹೊರಗೆ ಕೂರಲಿಲ್ಲ. ಅವನ ಬೆನ್ನ ಹಿಂದೆ ಅಷ್ಟರಲ್ಲಿ 20 ಕ್ವಾರ್ಟರ್‌ಬ್ಯಾಕ್‌ಗಳು ಬಂದು ಹೋದರು. ಕೋಚ್‌ಗಳು ಬದಲಾದರು. ಆ 11 ವರ್ಷದಲ್ಲಿ ತಂಡ ಗೆದ್ದದ್ದು 48, ಸೋತದ್ದು 128. ಕೊನೆಯ ಸೀಸನ್‌ನಲ್ಲಿ 16ಕ್ಕೆ 16 ಸೋಲು. ಒಂದೇ ಒಂದು ಪ್ಲೇಆಫ್ ಮ್ಯಾಚ್ ಆಡುವ ಅದೃಷ್ಟ ಅವನಿಗೆ ಇರಲಿಲ್ಲ.

ಆದರೂ ಮೊದಲ ಹತ್ತು ವರ್ಷ, ಪ್ರತಿ ವರ್ಷವೂ ಪ್ರೋ ಬೌಲ್‌ಗೆ, ಅಂದರೆ ಲೀಗಿನ ಆಯ್ದ ಆಟಗಾರರ ತಂಡಕ್ಕೆ, ಆಯ್ಕೆಯಾದ. ಕೊನೆಗೆ ಎಡಗೈಯ ಟ್ರೈಸೆಪ್ಸ್ ಹರಿಯಿತು. 33ನೇ ವಯಸ್ಸಿಗೆ ನಿವೃತ್ತಿ. 2023ರಲ್ಲಿ ಈ ಆಟದ ಶ್ರೇಷ್ಠರಿಗೆ ಸಿಗುವ ಹಾಲ್ ಆಫ್ ಫೇಮ್ ಗೌರವ, ಅದೂ ಅರ್ಹನಾದ ಮೊದಲ ವರ್ಷವೇ. ತಂಡ ಸೋಲುತ್ತಿದ್ದರೂ ತನ್ನ ಮೂರು ಸೆಕೆಂಡು ಸರಿಯಾಗಿ ಮಾಡಿದ ಮನುಷ್ಯನನ್ನು ಆ ಆಟ ಗುರುತಿಸಿತು. ನನಗೆ ಈ ಆಟದ ಮೇಲೆ ಗೌರವ ಬಂದದ್ದೇ ಇಂಥವರಿಂದ.

ಅವನ ತೂಕದ ಕತೆ ಕೇಳಿ. ಆಡುವಾಗ 140 ಕಿಲೋ ಹತ್ತಿರ. ಅದು ಅವನ ಮೈಗೆ ಸಹಜವಾದ ತೂಕ ಆಗಿರಲಿಲ್ಲ. ಹೊಟ್ಟೆ ತುಂಬಿದ ಮೇಲೂ ತಿನ್ನಬೇಕಾಗಿತ್ತು, ತಿನ್ನುವುದೂ ಕೆಲಸದ ಭಾಗವಾಗಿತ್ತು ಎಂದು ಅವನೇ ಹೇಳಿಕೊಂಡಿದ್ದಾನೆ. ನಿವೃತ್ತಿಯಾದ ಮೇಲೆ 20 ಕಿಲೋಗಿಂತ ಜಾಸ್ತಿ ಇಳಿಸಿದ. ಈಗ ಅವನ ಫೋಟೋ ನೋಡಿದರೆ ಗುರುತೇ ಸಿಗುವುದಿಲ್ಲ. ಇಳಿಸಿದವರು ಬದುಕನ್ನು ಸರಿಮಾಡಿಕೊಂಡರು. ಆಟ ನಿಂತ ಮೇಲೂ ಅದೇ ಊಟ ಮುಂದುವರಿಸಿದವರಿಗೆ ಬಿಪಿ, ಶುಗರ್, ಮಂಡಿ ಸವೆತ ಒಟ್ಟಿಗೇ ಬರುತ್ತವೆ. ನನ್ನ ಟೇಬಲ್ ಮೇಲೆ ಮಲಗುವ ಮಾಜಿ ಲೈನ್‌ಮನ್‌ಗಳ ಬೆರಳು ನೋಡಬೇಕು ನೀವು. ಎದುರಾಳಿಯ ಪ್ಯಾಡಿಗೆ ಸಿಕ್ಕಿ ಸಿಕ್ಕಿ ಗೆಣ್ಣುಗಳು ಪಕ್ಕಕ್ಕೆ ತಿರುಗಿರುತ್ತವೆ. ಅಂಗಿಯ ಗುಂಡಿ ಹಾಕಲು ಹೊತ್ತು ಹಿಡಿಯುತ್ತದೆ.

ಮನಸ್ಸಿನ ಭಾರವೂ ಇದೆ. ಮೇಲೆ ಹೇಳಿದ ಲೇನ್ ಜಾನ್ಸನ್ 2021ರಲ್ಲಿ ಆತಂಕದ ಕಾಯಿಲೆಯಿಂದ ಮೂರು ಮ್ಯಾಚ್ ಬಿಟ್ಟು ಹೊರಗಿದ್ದ, ಆಮೇಲೆ ಅದನ್ನು ಬಾಯಿಬಿಟ್ಟು ಹೇಳಿದ. ಅಷ್ಟು ದೊಡ್ಡ ಮೈಯವನು ಹೇಳಿದ್ದರಿಂದ ಎಷ್ಟೋ ಹುಡುಗರಿಗೆ ಧೈರ್ಯ ಬಂತು.

ಈಗ ನಿಮ್ಮ ಮನೆಯವರ ಭಯ. ಅದು ಸುಮ್ನೆ ಭಯ ಅಲ್ಲ. ಮೈಕ್ ವೆಬ್‌ಸ್ಟರ್ ಎಂಬ ಸೆಂಟರ್ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಪರ ನಾಲ್ಕು ಸೂಪರ್ ಬೌಲ್ ಗೆದ್ದವನು, ಒಟ್ಟು 17 ಸೀಸನ್ ಆಡಿದವನು. ಆಟ ಬಿಟ್ಟ ಮೇಲೆ ನೆನಪು ಹೋಯಿತು, ಮನಸ್ಸು ಹಿಡಿತಕ್ಕೆ ಸಿಗಲಿಲ್ಲ, ಕೆಲವು ಕಾಲ ತನ್ನ ಗಾಡಿಯಲ್ಲೇ ಮಲಗುತ್ತಿದ್ದ. 2002ರಲ್ಲಿ 50ನೇ ವಯಸ್ಸಿಗೆ ತೀರಿಕೊಂಡ. ಅವನ ಮೆದುಳನ್ನು ಪರೀಕ್ಷಿಸಿದ್ದು ನೈಜೀರಿಯಾ ಮೂಲದ ಡಾ. ಬೆನೆಟ್ ಒಮಾಲು. ಮತ್ತೆ ಮತ್ತೆ ಪೆಟ್ಟು ಬಿದ್ದ ಮೆದುಳಿನಲ್ಲಿ ಕಾಣುವ ಸಿಟಿಇ ಎಂಬ ಕಾಯಿಲೆ ಅದರಲ್ಲಿ ಸಿಕ್ಕಿತು. 2005ರಲ್ಲಿ ಅವರು ಅದನ್ನು ಪ್ರಕಟಿಸಿದರು. 2017ರಲ್ಲಿ ಬೋಸ್ಟನ್ ಯೂನಿವರ್ಸಿಟಿಯವರು ಪರೀಕ್ಷಿಸಿದ 111 ಮಾಜಿ ಎನ್‌ಎಫ್‌ಎಲ್ ಆಟಗಾರರ ಮೆದುಳುಗಳಲ್ಲಿ 110ರಲ್ಲಿ ಸಿಟಿಇ ಕಂಡಿತು. ಇದನ್ನು ಓದುವಾಗ ಒಂದು ಎಚ್ಚರ ಬೇಕು. ಮೆದುಳು ದಾನ ಮಾಡಿದ ಮನೆಯವರಲ್ಲಿ ತುಂಬಾ ಜನಕ್ಕೆ ಮೊದಲೇ ಅನುಮಾನ ಇತ್ತು. ಹಾಗಾಗಿ ಆಡಿದವರಿಗೆಲ್ಲ ಬರುತ್ತದೆ ಎಂದು ಅದರ ಅರ್ಥವಲ್ಲ. ಬದುಕಿರುವಾಗ ಖಚಿತವಾಗಿ ಪತ್ತೆ ಹಚ್ಚುವ ಪರೀಕ್ಷೆ ಇನ್ನೂ ಇಲ್ಲ.

ಲೈನ್‌ನಲ್ಲಿ ಪ್ರಜ್ಞೆ ತಪ್ಪಿಸುವಂಥ ದೊಡ್ಡ ಡಿಕ್ಕಿ ಕಮ್ಮಿ. ಆದರೆ ಹೆಚ್ಚುಕಮ್ಮಿ ಪ್ರತಿ ಸ್ನ್ಯಾಪ್‌ಗೂ ತಲೆಗೆ ಸಣ್ಣ ಪೆಟ್ಟು ತಾಗುತ್ತದೆ. ಕಂಕಷನ್ (ತಲೆಗೆ ಪೆಟ್ಟು ಬಿದ್ದು ಮೆದುಳಿಗೆ ಆಗುವ ಆಘಾತ) ಎಂದು ಯಾರೂ ಬರೆದುಕೊಳ್ಳದ ಸಣ್ಣ ಸಣ್ಣ ಪೆಟ್ಟುಗಳು ವರ್ಷಗಟ್ಟಲೆ ಸೇರುತ್ತಾ ಹೋಗುತ್ತವೆ. ಅಪಾಯ ಹೆಚ್ಚುವುದು ಎಷ್ಟು ವರ್ಷ ಆಡಿದ ಎನ್ನುವುದರ ಮೇಲೆ. ಹೈಸ್ಕೂಲಿನ ಮೂರು ವರ್ಷವೂ ವೆಬ್‌ಸ್ಟರ್‌ನ 17 ಸೀಸನ್ನೂ ಒಂದೇ ಅಲ್ಲ. ಹಾಗಂತ ಅದು ಸೊನ್ನೆಯೂ ಅಲ್ಲ.

ಓದು, ಆಟ ಎರಡೂ ಸಾಗುತ್ತಾ ಎಂದು ನಮ್ಮವರು ಕೇಳಿಯೇ ಕೇಳುತ್ತಾರೆ. ಈ ಜಾಗದಲ್ಲಿ ಸಾಗಿದ್ದುಂಟು. ಕೆನಡಾದ ಕ್ವೆಬೆಕ್‌ನ ಲೋರಾಂ ಡುವರ್ನೆ-ಟಾರ್ಡಿಫ್ ಕ್ಯಾನ್ಸಸ್ ಸಿಟಿಯ ಗಾರ್ಡ್ ಆಗಿದ್ದಾಗಲೇ 2018ರಲ್ಲಿ ಮೆಕ್‌ಗಿಲ್ ಯೂನಿವರ್ಸಿಟಿಯಲ್ಲಿ ಡಾಕ್ಟರ್ ಪದವಿ ಮುಗಿಸಿದ. 2020ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದ. ಕೊರೊನಾ ಬಂದಾಗ ಆ ಸೀಸನ್ನನ್ನೇ ಬಿಟ್ಟು ವೃದ್ಧರನ್ನು ನೋಡಿಕೊಳ್ಳುವ ಕೇಂದ್ರದಲ್ಲಿ ದುಡಿದ. ಬಾಲ್ಟಿಮೋರ್‌ನ ಗಾರ್ಡ್ ಜಾನ್ ಉರ್ಶೆಲ್ ಗಣಿತದವನು. 2015ರಲ್ಲಿ ತಲೆಗೆ ಪೆಟ್ಟು ಬಿದ್ದಾಗ ಕೆಲವು ಕಾಲ ಮೇಲ್ಮಟ್ಟದ ಗಣಿತ ಮಾಡಲು ಆಗಲಿಲ್ಲ ಎಂದು ಅವನೇ ಹೇಳಿದ್ದ. 2017ರ ಆ ಬೋಸ್ಟನ್ ವರದಿ ಹೊರಬಂದ ಎರಡು ದಿನಕ್ಕೆ, 26ನೇ ವಯಸ್ಸಿಗೆ ಆಟ ಬಿಟ್ಟ. ಎಂಐಟಿಯಲ್ಲಿ ಪಿಎಚ್‌ಡಿ ಮುಗಿಸಿ ಈಗ ಅಲ್ಲೇ ಪ್ರೊಫೆಸರ್. ಉರ್ಶೆಲ್ ಬಗ್ಗೆ ಮಗನಿಗೆ ಹೇಳಿ. ಬಿಡುವುದೂ ಒಬ್ಬ ಒಳ್ಳೆ ಆಟಗಾರ ಮಾಡಬಹುದಾದ ಕೆಲಸ ಎಂದು ಅವನಿಗೆ ಈಗಲೇ ಗೊತ್ತಿರಲಿ.

ಈಗ ನೀವು ಏನು ಮಾಡಬೇಕು? ಕೋಚ್ ಹತ್ತಿರ ಹೋಗಿ ಮಾತಾಡಿ, ಮಗನ ಎದುರಿಗೇ. ಟೆಕ್ಸಾಸ್‌ನ ಸ್ಕೂಲುಗಳಲ್ಲಿ ಸೀಸನ್ ನಡೆಯುವಾಗ ಪೂರ್ತಿ ಡಿಕ್ಕಿಯ ಪ್ರಾಕ್ಟೀಸ್‌ಗೆ ವಾರಕ್ಕೆ 90 ನಿಮಿಷದ ಮಿತಿ ಇದೆ. ಅದನ್ನು ಹೇಗೆ ಲೆಕ್ಕ ಇಡುತ್ತೀರಿ ಎಂದು ಕೇಳಿ. ಟ್ರೈನಿಂಗ್ ಕ್ಯಾಂಪ್‌ನಲ್ಲಿ ಲೈನ್‌ನವರು ಹೆಲ್ಮೆಟ್ ಮೇಲೆ ಗಾರ್ಡಿಯನ್ ಕ್ಯಾಪ್ ಎಂಬ ಮೆತ್ತನೆ ಹೊದಿಕೆ ಹಾಕಲೇಬೇಕು ಎಂದು ಎನ್‌ಎಫ್‌ಎಲ್ 2022ರಲ್ಲಿ ನಿಯಮ ಮಾಡಿತು. ನಿಮ್ಮ ಸ್ಕೂಲಿನಲ್ಲಿ ಅದು ಇದೆಯಾ ಕೇಳಿ. ಕಂಕಷನ್ ಅನುಮಾನ ಬಂದರೆ ಆಟಗಾರನನ್ನು ಆಗಲೇ ಹೊರಗೆ ಕೂರಿಸಬೇಕು, ಡಾಕ್ಟರ್ ಬರೆದುಕೊಡದೆ ಮತ್ತೆ ಇಳಿಸಬಾರದು ಎಂದು ಟೆಕ್ಸಾಸ್‌ನಲ್ಲಿ ಕಾನೂನೇ ಇದೆ. ಮಗನಿಗೆ ಇದನ್ನು ಒತ್ತಿ ಹೇಳಿ: ತಲೆ ನೋವು, ಕಣ್ಣು ಮಂಜು, ವಾಕರಿಕೆ ಯಾವುದನ್ನೂ ಮುಚ್ಚಿಡಬೇಡ. ಜಾಗ ಹೋಗುತ್ತೆ ಎಂದು ಮುಚ್ಚಿಡುವ ಹುಡುಗರು ಬಹಳ. ಮೊದಲ ಪೆಟ್ಟು ಮಾಯುವ ಮುಂಚೆ ಎರಡನೆಯದು ಬಿದ್ದರೆ ಜೀವಕ್ಕೇ ಅಪಾಯ.

ತೂಕದ ಬಗ್ಗೆ ಕೋಚ್‌ಗೆ ನೇರವಾಗಿ ಹೇಳಿ: "ಡಾಕ್ಟರ್ ನೋಡದೆ ತೂಕ ಏರಿಸುವುದಿಲ್ಲ. ಅವನ ಪಾದ, ಸೊಂಟ, ಕೈ ಕೆಲಸ ತಿದ್ದಿ." ಒಳ್ಳೆ ಕೋಚ್ ಇದನ್ನು ಒಪ್ಪುತ್ತಾರೆ. ಒಪ್ಪದಿದ್ದರೆ ಅದೂ ನಿಮಗೆ ಗೊತ್ತಾದಂತಾಯಿತು. ಸೀಸನ್ ಇಲ್ಲದ ತಿಂಗಳುಗಳಲ್ಲಿ ಕುಸ್ತಿಗೋ ಶಾಟ್‌ಪುಟ್‌ಗೋ ಸೇರಿಸಿ. ಥಾಮಸ್ ಕೂಡ ಶಾಟ್‌ಪುಟ್ ಎಸೆಯುತ್ತಿದ್ದವನು. ಕುಸ್ತಿಯಿಂದ ಲೈನ್‌ಗೆ ಬೇಕಾದ ಸೊಂಟ, ಸಮತೋಲ ಎರಡೂ ಬರುತ್ತವೆ.

ಕಾಲೇಜಿನ ಹೊತ್ತಿಗೆ ಯಾರಾದರೂ ಸ್ಕಾಲರ್‌ಶಿಪ್ ಕೊಡಲು ಬಂದರೆ ಆಗ ಮತ್ತೆ ಕೂತು ಯೋಚಿಸಿ. ಬರದಿದ್ದರೂ ಮೂರನೇ ಡಿವಿಷನ್‌ನ ಕಾಲೇಜುಗಳಿವೆ. ಅಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲ, ಓದು ಗಟ್ಟಿ ಇರುವ ಕಡೆ ಆಡುವ ಅವಕಾಶ ಇದೆ. ನಿಮ್ಮ ಮನೆಯವರನ್ನು ಒಂದು ದಿನ ಪ್ರಾಕ್ಟೀಸ್‌ಗೆ ಕರೆದುಕೊಂಡು ಹೋಗಿ. ಮ್ಯಾಚಿಗಲ್ಲ, ಪ್ರಾಕ್ಟೀಸ್‌ಗೆ. ಕೋಚ್ ಹೇಗೆ ಕಲಿಸುತ್ತಾರೆ, ಪೆಟ್ಟಾದವನನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂದು ಅವರೇ ಕಣ್ಣಾರೆ ನೋಡಲಿ. ಬೇಕು, ಬೇಡ ಅನ್ನುವುದನ್ನು ಆಮೇಲೆ ಮೂವರೂ ಸೇರಿ ತೀರ್ಮಾನಿಸಿ.